ನಲವತ್ತೊಂದು ಅಡಿ ಬಾವಿ

1884, ಏಪ್ರಿಲ್ 7, ಸೋಮವಾರ

ಒಗೆಯುವ ದಿನ. ಓರಿನ್‌ನ ಅಂಗಿಯನ್ನು ಮೂರು ಸಲ ಕುದಿಸಿದೆ. ತಂಬಾಕಿನ ಕಲೆ ಹೋಗಲಿಲ್ಲ. ಎರಡೂವರೆ ವರ್ಷ ಕೊಲರಾಡೋದ ಬೆಳ್ಳಿ ಗಣಿಯಲ್ಲಿದ್ದು ಹದಿನೈದು ದಿನದ ಹಿಂದೆ ಬಂದಿದ್ದಾನೆ, ನನ್ನ ಗಂಡ. ಬೆಳ್ಳಿ ತರಲಿಲ್ಲ. ಉಗುಳುವುದನ್ನು ಕಲಿತು ಬಂದ. ಬೂದಿ ಡಬ್ಬ ಕಾಲ ಬಳಿಯೇ ಇದ್ದರೂ ಗೋಡೆಗೇ ಬೇಕು. ಮಣ್ಣು ಉದುರದಿರಲೆಂದು ನಾನು ಹಳೆಯ ಪತ್ರಿಕೆ ಅಂಟಿಸಿದ ಗೋಡೆ.

‘ಮಣ್ಣಿನ ಮನೆ ತಾನೇ, ಏನಾಗುತ್ತೆ?’ ಅಂದ.

ಅವನು ಹೋದಾಗ ಇಲ್ಲಿದ್ದದ್ದು ಗುಡ್ಡ ಕೊರೆದ ಒಂದು ಬಿಲ. ಹುಲ್ಲುನೆಲವನ್ನು ಹೆಂಟೆ ಹೆಂಟೆಯಾಗಿ ಕುಯ್ದು, ಹೊತ್ತು, ಪೇರಿಸಿ ಮನೆ ಮಾಡಿದವಳು ನಾನು. ಅವನು ರೊಟ್ಟಿ ಕೊಯ್ಯುವ ಚಾಕುವಿನಲ್ಲೇ ಕಾಲುಗುರು ತೆಗೆಯುತ್ತಿದ್ದ. ಹೊರಗೆ ಹೋದೆ.

ಏಪ್ರಿಲ್ 9

ಪಕ್ಕದ ಹೊಲದ ಥೈರಾ ಪತ್ರಿಕೆ ಹಿಡಿದು ಓಡಿ ಬಂದಳು. ಅಚ್ಚಾಗಿದೆ: ಈ ತಿಂಗಳ ಇಪ್ಪತ್ತೆರಡಕ್ಕೆ ಓರಿನ್ ಟ್ರಾಸ್ಕ್ ಭೂಮಿ ಕಚೇರಿಗೆ ಬರುತ್ತಾನೆ, ಐದು ವರ್ಷ ಇಲ್ಲೇ ಬಿಡದೆ ಬಾಳಿ ಬೆಳೆ ತೆಗೆದೆ ಎಂದು ಆಣೆ ಮಾಡುತ್ತಾನೆ, ಸರ್ಕಾರ ಅವನ ಹೆಸರಿಗೆ ಈ ನೆಲದ ಪತ್ರ ಬರೆದುಕೊಡುತ್ತದೆ. ಕೆಳಗೆ ಸಾಕ್ಷಿಗಳು, ನಾಲ್ವರು ನೆರೆಯವರ ಹೆಸರು. ನನಗೆ ಒಂದು ಮಾತಿಲ್ಲ. ಊರಿಗೆಲ್ಲ ಡಂಗುರ.

‘ನನ್ನ ಗಂಡಂದೂ ಇದೆ ಅಕ್ಕಾ. ಜೆನ್ಸ್ ನನ್ಹತ್ರ ಬಾಯೇ ಬಿಟ್ಟಿಲ್ಲ. ಗಂಡಸರ ವ್ಯವಹಾರ ಅಂತೆ! ಹಾಳಾಗಿ ಹೋಗ್ಲಿ.’

ನಾಲ್ವರೂ ಈ ಎರಡು ಚಳಿಗಾಲ ನನ್ನ ಒಲೆ ಮುಂದೆ ಕೂತು ನನ್ನ ರೊಟ್ಟಿ ತಿಂದವರು.

ಏಪ್ರಿಲ್ 13, ಭಾನುವಾರ

ಓರಿನ್ ನನ್ನೆದುರು ಶಾಲೆ ಹುಡುಗನ ಹಾಗೆ ಕೂತ. ಕಚೇರಿಯಲ್ಲಿ ಪ್ರಶ್ನೆ ಕೇಳುತ್ತಾರಂತೆ. ತನ್ನ ಹೊಲ ಹೇಗಿದೆ ಎಂದು ನನ್ನಿಂದ ಕಲಿಯಬೇಕು!

‘ಉತ್ತ ನೆಲ ಎಷ್ಟು?’

‘ಮೂವತ್ತೆರಡು ಎಕರೆ.’

‘ಉತ್ತಿದ್ದು ಯಾವಾಗ?’

ಹೇಳಿದೆ. ಹೆಂಡತಿಯ ಅಭ್ಯಾಸ... ಕೇಳಿದ್ದನ್ನು ಕೊಟ್ಟುಬಿಡುವುದು. ಅವನು ಖುಷಿಯಾಗಿ ಹಲ್ಲು ಕಿರಿದ. ‘ಪತ್ರ ಕೈಗೆ ಬಂದ ದಿನಾನೇ ಮಾರಿಬಿಡ್ತೀನಿ ಕಣೆ ವಿನಿ. ದನದ ಸಾಹುಕಾರ ಕಾಯ್ತಾ ಕೂತಿದಾನೆ. ಈ ಧೂಳಲ್ಲಿ ಯಾವನಿರ್ತಾನೆ?’

ನಾನಿರುತ್ತೇನೆ, ಅಂದುಕೊಂಡೆ.

‘ಬಾವಿ ಎಷ್ಟು ಆಳ?’

‘ಹದಿನೆಂಟು ಅಡಿ’ ಅಂದೆ.

ನಲವತ್ತೊಂದು. ಒಳಗಿಳಿದು ಅಗೆದವಳು ನಾನು, ಮೇಲಿಂದ ಮಣ್ಣಿನ ಬಕೆಟ್ ಎಳೆದವಳು ಥೈರಾ. ಬಂದಾಗಿನಿಂದ ಒಂದೇ ಒಂದು ಬಕೆಟ್ ನೀರು ಸೇದಿದ್ದರೂ ಹಗ್ಗ ಇವನಿಗೆ ನಿಜ ಹೇಳುತ್ತಿತ್ತು.

ಏಪ್ರಿಲ್ 22, ಮಂಗಳವಾರ

ಮುಗಿಯಿತು. ನನ್ನನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಹೋಗಿದ್ದ. ಹೆಂಡತಿ ಪಕ್ಕದಲ್ಲಿದ್ದರೆ ಸಂಸಾರಸ್ಥನ ಕಳೆ. ಗುಮಾಸ್ತ ಒಬ್ಬೊಬ್ಬರನ್ನೇ ಬೇರೆ ಬೇರೆ ಒಳಗೆ ಕರೆದು ಕೇಳಿದ; ನಾನು ಮೂಲೆಯ ಬೆಂಚಿನಲ್ಲಿ ಕೂತು ಎಲ್ಲ ಕೇಳಿಸಿಕೊಂಡೆ. ಓರಿನ್ ಎದೆಯುಬ್ಬಿಸಿ ಹದಿನೆಂಟು ಅಂದ, ತಾನೇ ತೋಡಿದೆ ಅಂದ. ಜೆನ್ಸ್ ಪಾಪ, ಸುಳ್ಳಿಗೆ ತಯಾರಾಗಿಯೇ ಬಂದಿದ್ದ, ಆದರೆ ಬಾವಿಯ ಸುಳ್ಳು ಅವನಿಗೆ ಗೊತ್ತಿರಲಿಲ್ಲ.

‘ನಲವತ್ತೊಂದು ಸ್ವಾಮಿ. ಮಣ್ಣು ಎಳೆದೂ ಎಳೆದೂ ನನ್ ಹೆಂಡ್ತಿ ಕೈಯೆಲ್ಲ ಬೊಬ್ಬೆ ಬಂದಿತ್ತಲ್ಲ.’

ಗುಮಾಸ್ತ ಪೆನ್ನು ಕೆಳಗಿಟ್ಟ. ‘ನಿನ್ ಹೆಂಡ್ತಿ ಯಾಕಪ್ಪಾ ಎಳೀಬೇಕಿತ್ತು? ಈ ಮಹಾನುಭಾವ ಎಲ್ಲಿದ್ದ?’

ಅರ್ಜಿ ತಿರಸ್ಕಾರ. ಓರಿನ್ ಬೀದಿಗಿಳಿದು ಸಾರಾಯಿ ಅಂಗಡಿ ಹೊಕ್ಕ. ನಾನು ಗುಮಾಸ್ತನ ಮೇಜಿನ ಮುಂದೆಯೇ ನಿಂತೆ. ತಲೆ ಎತ್ತದೆ ಬರೆಯುತ್ತಲೇ ಹೇಳಿದ: ‘ನೋಡಮ್ಮಾ, ಅವನು ಮನೆ ಬಿಟ್ಟು ಆರು ತಿಂಗಳಾದಾಗ್ಲೇ ಬಂದು ದೂರು ಕೊಟ್ಟಿದ್ರೆ ನೆಲ ನಿನ್ನ ಹೆಸರಿಗೇ ಆಗ್ತಿತ್ತು. ಈಗ ವಾಪಸ್ ಬಂದು ಕೂತಿದಾನೆ. ಹಳೇದು ನಡೆಯೋಲ್ಲ. ಮತ್ತೆ ಹೋಗಿ ಆರು ತಿಂಗಳು ಪತ್ತೆ ಇಲ್ದಿದ್ರೆ, ಬಾ.’

ಎರಡೂವರೆ ವರ್ಷ! ಒಳ್ಳೆಯ ಹೆಂಡತಿ ಕಾಯುತ್ತಾಳೆ ಎಂದು ಕಾದೆ. ಓರಿನ್‌ಗಿಂತ ಹೆಚ್ಚು ಅಸಹ್ಯ ಇವತ್ತು ನನ್ನ ಮೇಲೇ.

ಏಪ್ರಿಲ್ 24

‘ದರಿದ್ರ ನೆಲ. ವಾಪಸ್ ಗಣಿಗೇ ಹೋಗ್ತೀನಿ’ ಅಂದ ಓರಿನ್. ದೇವರೇ. ಹಾಡು ತಾನಾಗಿ ಬಾಯಿಗೆ ಬಂತು. ರೊಟ್ಟಿ ಸುಟ್ಟೆ, ಉಪ್ಪು ಹಂದಿಮಾಂಸ ಕಟ್ಟಿದೆ, ಅವನ ಕಾಲುಚೀಲದ ತೂತು ಹೊಲಿದೆ. ಗಂಟನ್ನು ಬಾಗಿಲಲ್ಲಿಟ್ಟೆ.

ಏಪ್ರಿಲ್ 25

ಹೋಗಲಿಲ್ಲ. ಗಂಟನ್ನು ನೋಡಿದ, ನನ್ನನ್ನು ನೋಡಿದ. ‘ಏನೇ, ಕಳಿಸೋದಕ್ಕೆ ಇಷ್ಟೊಂದು ಸಡಗರ? ಹಾಡು ಬೇರೆ ಹೇಳ್ಕೋತಿದೀಯ!’ ಬೂಟು ಬಿಚ್ಚಿ ಮಂಚಕ್ಕೆ ಬಿದ್ದ. ದಾರಿಗೆಂದು ಕಟ್ಟಿದ ಮಾಂಸವನ್ನು ಮಲಗಿದಲ್ಲೇ ತಿಂದ. ಎಣ್ಣೆ ಕೈಯನ್ನು ನನ್ನ ಹೊದಿಕೆಗೆ ಒರೆಸಿದ.

ಮೇ 5, ಸೋಮವಾರ

ಒಗೆತ. ಇನ್ನೂ ಇದ್ದಾನೆ. ಮಣ್ಣು ಉದುರದಿರಲೆಂದು ಸೂರಿನ ಕೆಳಗೆ ಕಟ್ಟಿದ ಬಟ್ಟೆಯೊಳಕ್ಕೆ ಹಾವಿನ ಮರಿ ಬಿತ್ತು. ಅದನ್ನು ಗುದ್ದಲಿಯಿಂದ ಹೊರಗೆ ಹಾಕಬಹುದು.

ಥೈರಾ ಬಂದಿದ್ದಳು. ‘ಅಕ್ಕಾ, ನಿನಗೆ ಗಂಡಸರ ಬುದ್ಧಿ ಗೊತ್ತಿಲ್ಲ. ಹೋಗು ಅಂದ್ರೆ ಹೋಗ್ತಾನಾ? ಇರು ಅನ್ನು. ಅತ್ತು ಅನ್ನು.’

ಥೂ ಅಂದೆ.

ಮೇ 8, ಬೆಳಿಗ್ಗೆ ಹತ್ತು

ಮಾಡಿದೆ. ಎರಡು ದಿನದಿಂದ ಮಾಡುತ್ತಿದ್ದೇನೆ. ತೋಳು ಹಿಡಿದೆ. ‘ನೀನಿಲ್ದೆ ನಾನು ಹ್ಯಾಗಿರ್ಲಿ, ಬಿಟ್ಟು ಹೋಗ್ಬೇಡ, ಇಬ್ರೂ ಸೇರಿ ಉತ್ತು ಬಿತ್ತೋಣ’ ಅಂದೆ. ನೇಗಿಲಿನ ಹಿಡಿಯನ್ನೂ ಅವನ ಕೈಗೆ ಕೊಟ್ಟೆ. ಆ ಅಂಗಿಯಲ್ಲಿ ಮುಖ ಹುದುಗಿಸಿದೆ... ಹುಳಿ, ಹೊಗೆಸೊಪ್ಪು, ಹಳೆಯ ಬೆವರು. ಉಸಿರು ಬಿಗಿಹಿಡಿದು ಅತ್ತೆ. ಇಂಥ ಹೇಸಿಗೆಯನ್ನು ನಾನು ಎಂದೂ ಮುಟ್ಟಿರಲಿಲ್ಲ, ಹೊಲದ ಒಣ ಸೆಗಣಿ ಆರಿಸಿ ಒಲೆ ಉರಿಸುವ ಈ ಕೈಯಿಂದಲೂ.

‘ಏನೇ ಇದು ಪೀಡೆ! ಬಿಡೇ ಅಂದ್ರೆ!’ ಕೊಡವಿಕೊಂಡು ಎದ್ದ. ಬೂಟು ಹಾಕಿದ. ಕುದುರೆ ಬಿಚ್ಚಿದ.

ಹೊಸ್ತಿಲಲ್ಲಿ ಕೂತು, ಮೊಣಕಾಲ ಮೇಲೆ ಪುಸ್ತಕ ಇಟ್ಟು ಬರೆಯುತ್ತಿದ್ದೇನೆ. ಗುಡ್ಡದ ಅಂಚಿನಲ್ಲಿ ತಿರುಗಿ ನೋಡಿದ. ಏಪ್ರನ್ ಎತ್ತಿ ಕಣ್ಣೊರೆಸಿ ತೋರಿಸಿದೆ. ಹೋದ. ಟೋಪಿಯೂ ಕಾಣದು. ಆರು ತಿಂಗಳು. ದಿನ ಒಂದು. ಬಾಯಿ ತೊಳೆದುಕೊಳ್ಳಬೇಕು, ಮೊದಲು ನನ್ನ ಬಾವಿಯಿಂದ ನೀರು ಸೇದಬೇಕು.