ನಲ್ಲಿ ನಿಲ್ಲಿಸುವ ದೆವ್ವ

ಅಣ್ಣಾ,

ಶನಿವಾರದ ಕಾರ್ಯಕ್ರಮದಲ್ಲಿ ದೆವ್ವದ ಹಾಡು ಹಾಡುವ ನಮ್ಮ ಬೇತಾಳ ಬಳಗ ಆ ಹಾಡನ್ನು ಹಾಡಕೂಡದು ಎಂದು ನೀನು ಹೇಳಿದರೆ ಹಾಡುವುದಿಲ್ಲ. ಅಷ್ಟನ್ನು ಮೊದಲೇ ಹೇಳಿಬಿಡುತ್ತೇನೆ.

ಮೊನ್ನೆ ಅಭ್ಯಾಸ ಕೇಳಲು ಬಂದ ನೀನು, ಹಾಡು ಮುಗಿಯುತ್ತಲೇ "ಅಮ್ಮನ್ನೇ ದೆವ್ವ ಮಾಡಿಬಿಟ್ಯಲ್ಲೇ!" ಎಂದವನೇ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟೆ. ಮಾಡಿದ್ದು ನಿಜ. ನಾನು ಬರೆದ ಬೇರೆ ಹಾಡುಗಳಲ್ಲಿ ದೆವ್ವಗಳು ರಕ್ತ ಕುಡಿಯುತ್ತವೆ, ಕತ್ತು ಮುರಿಯುತ್ತವೆ. ಈ ಹಾಡಿನ ದೆವ್ವ ಮಾತ್ರ ತೊಟ್ಟಿಕ್ಕುವ ನಲ್ಲಿಯನ್ನು ನಿಲ್ಲಿಸುತ್ತದೆ, ಓದುತ್ತಲೇ ನಿದ್ದೆಹೋದವರ ಕನ್ನಡಕ ತೆಗೆದಿಡುತ್ತದೆ. "ಅಕ್ಕಾ, ಇಂಥ ದೆವ್ವಕ್ಕೆ ಯಾರು ಹೆದರ್ತಾರೆ? ನಮ್ಮನೆಗೂ ಒಂದು ಕಳ್ಸಿ" ಎಂದು ಡ್ರಮ್ ಬಾರಿಸುವ ದರ್ಜಿ ನಕ್ಕಿದ್ದ. ಎರಡನೇ ಸಲ ನುಡಿಸುವಾಗ ಅವನು ನಗಲಿಲ್ಲ.

ಅಮ್ಮ ಹೋಗಿ ಎರಡು ವರ್ಷವಾಯಿತು. ಅವಳ ಮಾತೆತ್ತಿದರೆ ನೀನು ಎದ್ದು ಹೋಗುತ್ತೀಯ. ನನಗೆ ಅವಳ ಬಗ್ಗೆ ಮಾತಾಡಲು ಇನ್ನಾರೂ ಇಲ್ಲ. ದೆವ್ವದ ಹಾಡಿನಲ್ಲಾದರೆ ಸತ್ತವರು ಬಂದುಹೋಗಲು ಯಾರ ಅಪ್ಪಣೆಯೂ ಬೇಡವಲ್ಲ, ಅದಕ್ಕೇ ಬರೆದೆ.

ಹಾಡಲಿ ಬಿಡಲಿ, ಒಂದು ಉಪಕಾರ ಮಾಡು. ನಾವು ಶಾಲೆಗೆ ಹೊರಡುವಾಗ ಅವಳು ಬಾಗಿಲಲ್ಲಿ ನಿಂತು ದಿನವೂ ಒಂದೇ ಮಾತು ಹೇಳುತ್ತಿದ್ದಳು. ಎಷ್ಟು ತಿಣುಕಿದರೂ ನನಗೆ ಅದು ನೆನಪಾಗುತ್ತಿಲ್ಲ. ನಿನಗೆ ನೆನಪಿದೆ. ಹಾಡಿನ ಕೊನೆಗೆ ದೆವ್ವ ಬಾಗಿಲಿಗೆ ಬಂದಾಗ ನಿನ್ನ ತುಟಿ ಅಲುಗಿದ್ದನ್ನು ನಾನು ನೋಡಿದೆ.

ದೆವ್ವ ಬಾಗಿಲಲ್ಲಿ ನಿಂತು ಹೇಳಬೇಕಾದ ಆ ಸಾಲು ಇನ್ನೂ ಖಾಲಿ ಇದೆ. ಸದ್ಯಕ್ಕೆ ಅಲ್ಲಿ ದರ್ಜಿ ಬರೀ ಡ್ರಮ್ ಬಾರಿಸುತ್ತಾನೆ.

ನಿನ್ನ ತಂಗಿ