ಪಾರಮ್ಮನ ಕೈಗುಣ

ನವಲಿ
೯ ಫೆಬ್ರುವರಿ ೨೦೨೫, ಭಾನುವಾರ

ಮಗಳು ಶಿವಲೀಲಾಳಿಗೆ,

ನಿನ್ನವ್ವನ ಆಶೀರ್ವಾದ. ಅಳಿಯ ಪ್ರಭುರಾಜನಿಗೂ ನಿನ್ನ ಅತ್ತೆ ಶರಣಬಸಮ್ಮನವರಿಗೂ ನಾನು ಕೇಳಿದೆನೆಂದು ಹೇಳು. ಅನ್ನಪೂರ್ಣಳ ಕೆನ್ನೆಗೆ ಅಜ್ಜಿಯದೊಂದು ಮುತ್ತು ಕೊಡು. ಕೈಯಲ್ಲಿ ಫೋನಿರುವಾಗ ಇವಳಿಗೇಕೆ ಪತ್ರದ ಹುಚ್ಚು ಎಂದು ನೀನು ನಗಬಹುದು. ಕೊಪ್ಪಳದಿಂದ ಬಂದ ದಿನವೇ ಬರೆಯಲು ಕೂತಿದ್ದೆ. ಮೂರು ಸಲ ಬರೆದು ಮೂರು ಸಲ ಹರಿದೆ. ಹಾಗೇ ಹದಿನೈದು ದಿನ ಹೋದವು. ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಬಳೆ ಮಾರುವ ಖಲಂದರ ಯಲಬುರ್ಗಾ ಕಡೆ ಹೊರಟಿದ್ದಾನೆ, ಅಲ್ಲಿ ನಿಮ್ಮ ಊರಿಗೂ ಬರುತ್ತಾನೆ. ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಏಳನೇ ಇಯತ್ತೆಗೆ ಸಾಲೆ ಬಿಟ್ಟವಳ ಅಕ್ಷರ, ಸಾವಕಾಶ ಓದು.

ಇಲ್ಲಿ ಕಾಲುವೆಗೆ ನೀರು ಬಿಟ್ಟಿದ್ದಾರೆ, ಭತ್ತದ ನಾಟಿ ಮುಗಿಯಿತು. ನೀರು ತಿರುವಲು ಹೋದರೆ ನಿನ್ನ ಅಪ್ಪನಿಗೆ ಉಣ್ಣುವ ನೆನಪೂ ಇರುವುದಿಲ್ಲ. ಕರಿ ಎಮ್ಮೆ ಈದಿದೆ, ಹೆಣ್ಣುಗರು. ಗಿಣ್ಣು ಮಾಡಿದೆ, ನನ್ನ ಬಾಯಿಗೆ ರುಚಿ ಹತ್ತಲಿಲ್ಲ. ಈಚೆಗೆ ಯಾವುದೂ ಹತ್ತುವುದಿಲ್ಲ. ಬೆಳಗ್ಗೆ ಏಳುವಾಗಲೇ ದಣಿದಿರುತ್ತೇನೆ.

ಗಂಟಲು ಒತ್ತಿಸಿಕೊಳ್ಳಲು ಜನ ಬರುವುದು ಮಾತ್ರ ನಿಂತಿಲ್ಲ. ನನ್ನ ಅತ್ತೆ ಯಂಕವ್ವ ಸಾಯುವ ಮುಂಚೆ ನನಗೆ ಬಿಟ್ಟುಹೋದದ್ದು ಆ ಒಂದೇ ವಿದ್ಯೆ. ಹೆಬ್ಬೆರಳಿಗೆ ಅರಿಶಿನ, ಉಪ್ಪು ಹಚ್ಚಿ, ಊದಿದ ಗಂಟಲಗಡ್ಡೆಯನ್ನು ಎರಡೂ ಕಡೆ ಒತ್ತುವುದು. ಮಂಗಳವಾರ ಮಂಗಳವಾರ, ಮೂವತ್ತು ವರ್ಷ ಒತ್ತಿದೆ. ಪಾರಮ್ಮನ ಕೈಗುಣವೆಂದರೆ ಕನಕಗಿರಿಯವರೆಗೆ ಹೆಸರು. ಕೇಳಿದರೆ ನನಗೂ ಹಿಗ್ಗಾಗುತ್ತಿತ್ತು, ಸುಳ್ಳೇಕೆ ಹೇಳಲಿ. ಈಗ ಬಂದವರನ್ನೆಲ್ಲ ಹಿಂದಕ್ಕೆ ಕಳಿಸುತ್ತೇನೆ. ಮೊನ್ನೆ ಹೊಳಿಯಪ್ಪನ ಸೊಸೆ ಕೂಸನ್ನು ಎತ್ತಿಕೊಂಡು ಬಂದಳು. "ನನ್ನ ಬೆರಳು ನೋಯ್ತೈತಿ. ದವಾಖಾನಿಗೆ ಕರ್ಕೊಂಡು ಹೋಗವ್ವ. ಔಷಧ ಎಷ್ಟು ದಿನ ಹೇಳ್ತಾರ, ಅಷ್ಟೂ ದಿನ ಹಾಕು" ಎಂದೆ. "ನಮ್ಮ ಕೂಸು ಬಂದಾಗ ನಿನ್ನ ಬೆರಳು ನೋಯ್ತೈತೇನಬೇ" ಎಂದು ಮುಖ ತಿರುವಿ ಹೋದಳು. ಅನ್ನಲಿ ಬಿಡು. ಅನ್ನಿಸಿಕೊಳ್ಳುವುದೇನೂ ಹೆಚ್ಚಾಗಿಲ್ಲ ನನಗೆ.

ಕೊಪ್ಪಳದ ದವಾಖಾನೆ ಕಣ್ಣ ಮುಂದಿನಿಂದ ಹೋಗುವುದಿಲ್ಲ. ಅನ್ನಪೂರ್ಣ ಸೂಜಿಗೆ ಅಳಲಿಲ್ಲ. ತಾನೇ ಮಗ್ಗುಲಾಗಿ ಮಲಗಿ, "ಅಜ್ಜಿ, ನೀ ಆಕಡೆ ನೋಡು, ನಿನಗ ಹೆದರಿಕಿ ಆಗ್ತೈತಿ" ಎಂದು ನನಗೇ ಧೈರ್ಯ ಹೇಳಿದಳು. ಒಂಬತ್ತು ವರ್ಷದ ಕೂಸು. ಮೂರು ವಾರಕ್ಕೊಂದು ಸೂಜಿ, ಇನ್ನೂ ಹನ್ನೆರಡು ವರ್ಷ. ಸಾಲೆಯಲ್ಲಿ ಖೋ-ಖೋ ಆಡಿಸುವಾಗ ಇವಳು ಗೆಳತಿಯರ ಚಪ್ಪಲಿ ಕಾಯುತ್ತ ಕೂರುತ್ತಾಳೆಂದು ನೀನು ಹೇಳಿದೆಯಲ್ಲ, ಅದು ನನ್ನ ಎದೆಯಲ್ಲೇ ಕೂತುಬಿಟ್ಟಿದೆ.

ಆ ಡಾಕ್ಟರಮ್ಮ ಎಷ್ಟು ತಿಳಿಸಿ ಹೇಳಿದಳು. "ಇದು ಐಸ್ ತಿಂದು, ತಣ್ಣೀರು ಕುಡಿದು ಬರೂದಲ್ರಿ. ಗಂಟಲಾಗ ಒಂದು ಜಾತಿ ರೋಗದ ಕ್ರಿಮಿ ಕುಂದರ್ತಾವು. ಔಷಧ ಬಿದ್ದ ಮೂರು ದಿನಕ್ಕ ಜ್ವರ ಹೋಗ್ತೈತಿ, ನೋವು ಹೋಗ್ತೈತಿ, ಕ್ರಿಮಿ ಹೋಗಿರೂದಿಲ್ಲ. ಅದಕ್ಕ ಹತ್ತು ದಿನ ಹಾಕ್ರಿ ಅನ್ನೂದು. ಎಲ್ಲಾ ಗಂಟಲುನೋವಿಗೂ ಹಿಂಗಾಗೂದಿಲ್ಲ. ಆದ್ರ ಕೆಲವು ಮಕ್ಕಳಿಗೆ ಆಮ್ಯಾಲೆ ಕೀಲು ಬಾತುಕೊಳ್ತಾವು, ಹೃದಯದ ಕವಾಟಕ್ಕ ಪೆಟ್ಟಾಗ್ತೈತಿ." ಆಮೇಲೆ ನಿನ್ನ ಕಡೆ ತಿರುಗಿ, "ದಸರಾದಾಗ ಗಂಟಲುನೋವು ಬಂದಿತ್ತು ಅಂದ್ರಲ್ಲ, ಔಷಧ ಪೂರ್ತಿ ಹಾಕಿದ್ರೇನು?" ಎಂದು ಕೇಳಿದಳು. "ನಮ್ಮವ್ವ ಹಾಕ್ಯಾಳ್ರಿ ಮೇಡಂ. ಸಾಲಿ ಸೂಟಿಗೆ ಮಗಳು ಅಕಿ ಹತ್ರ ಇದ್ಲು. ನಮ್ಮವ್ವ ಮರಿಯಾಕಿ ಅಲ್ರಿ" ಎಂದೆ ನೀನು. ನಾನು ತಲೆ ತಗ್ಗಿಸಿ ಚೀಲದಲ್ಲಿ ನೀರಿನ ಬಾಟಲಿ ಹುಡುಕಿದೆ.

ಬಸ್‌ಸ್ಟ್ಯಾಂಡಿನಲ್ಲಿ ನೀನು ಕಣ್ಣೀರು ಹಾಕಿದ್ದೂ ಮರೆತಿಲ್ಲ. "ಫ್ರಿಜ್ಜಿನ ನೀರು, ಐಸ್ ಕೊಡಿಸಿ ನನ್ನ ಮೊಮ್ಮಗಳ ಎದಿ ಕೆಡಿಸಿದಿ ಅಂತ ಅತ್ತಿ ದಿನಾ ಅಂತಾರವ್ವ. ಡಾಕ್ಟರ್ ಹೇಳಿದ್ರೂ ಕೇಳೂದಿಲ್ಲ. ಇವರೂ ಮಾತು ಬಿಟ್ಟಾರ. ಕೇಳಿ ಕೇಳಿ ನಾನ ಕೆಡಿಸೀನಿ ಅನ್ನಸ್ತೈತಿ" ಎಂದೆ. ನಾನು, "ಸುಮ್ನಿರು, ದೇವ್ರು ಅದಾನ" ಎಂದೆ. ದೇವರ ಮೇಲೆ ಹಾಕಿ ಕೈ ತೊಳೆದುಕೊಳ್ಳುವುದು ಎಷ್ಟು ಸಲೀಸು ನೋಡು. ನಿನ್ನ ಬಸ್ಸು ಹೋದ ಮೇಲೆ ನಾನು ಎರಡು ಬಸ್ಸು ಬಿಟ್ಟು ಅಲ್ಲೇ ಕೂತಿದ್ದೆ.

ಸೂಜಿಯ ದಿನ ಒಂದೂ ತಪ್ಪಿಸಬೇಡ. ಹೊಲದ ಕೆಲಸವಿರಲಿ, ಮನೆಯಲ್ಲಿ ಮದುವೆಯಿರಲಿ, ಮೊದಲು ಕೊಪ್ಪಳ. ಮತ್ತೆ ಗಂಟಲು ನೋವೆಂದರೆ ಅವತ್ತೇ ಡಾಕ್ಟರಿಗೆ ತೋರಿಸು, ನನ್ನಂಥವರಿಗೆ ತೋರಿಸಬೇಡ. ಶಿವರಾತ್ರಿಗೆ ಬನ್ನಿ ಎಂದು ಈ ಸಲ ಕರೆಯುತ್ತಿಲ್ಲ. ಪತ್ರ ಪೂರ್ತಿ ಓದಿದ ಮೇಲೆ ಬರುವುದು ಬಿಡುವುದು ನಿನಗೆ ಸೇರಿದ್ದು. ನಿನ್ನ ಉಡಿ ತಣ್ಣಗಿರಲಿ. ಕೂಸು ಮುದುಕಿಯಾಗುವ ತನಕ ಬಾಳಲಿ, ನನ್ನ ಆಯುಷ್ಯವೂ ಅದಕ್ಕೇ ಸಿಗಲಿ.

ನಿನ್ನ ಅವ್ವ,
ಪಾರಮ್ಮ

ತಾ.ಕ.: ದಸರಾದಲ್ಲಿ ಡಾಕ್ಟರು ಬರೆದುಕೊಟ್ಟ ಹತ್ತು ದಿನದ ಔಷಧ ನಾನು ಪೂರ್ತಿ ಹಾಕಲಿಲ್ಲ. ನಾಲ್ಕನೇ ದಿನ ಮಂಗಳವಾರ ಬಿತ್ತು, ಜ್ವರ ಇಳಿದಿತ್ತು. ಊರ ಮಕ್ಕಳ ಗಂಟಲು ಒತ್ತುವವಳ ಮೊಮ್ಮಗಳಿಗೆ ಬಾಟಲಿ ಔಷಧವೇ ಎಂದು ಕಟ್ಟೆಯ ಮೇಲೆ ಕೂತವರು ನಕ್ಕರು. ನನಗೆ ಮಾನ ಹೋದಂತಾಯಿತು. ಒತ್ತಿದೆ. ಒತ್ತಿದ ಮೇಲೆ ಬೇರೆ ಔಷಧ ಮುಟ್ಟಿಸಿದರೆ ಕೈಗುಣ ಕೆಡುತ್ತದೆ ಎಂಬುದು ಯಂಕವ್ವನ ಕಟ್ಟಳೆ. ಬಾಟಲಿಯನ್ನು ಗೋಡೆಯ ಗೂಡಿನಲ್ಲಿಟ್ಟೆ. ಹತ್ತನೇ ದಿನ ನೀನು ಫೋನಿನಲ್ಲಿ "ಔಷಧ ಮುಗೀತೇನವ್ವ" ಎಂದೆ. "ಮುಗೀತು" ಎಂದೆ. ಅರ್ಧಕ್ಕಿಂತ ಹೆಚ್ಚು ಉಳಿದಿದೆ. ಚೆಲ್ಲಲು ಕೈ ಬರಲಿಲ್ಲ, ಖಲಂದರನ ಕೈಯಲ್ಲಿ ಅದನ್ನೂ ಕಟ್ಟಿ ಕಳಿಸಿದ್ದೇನೆ. ಫೋನಿನ ಮಾತು ಗಾಳಿಗೆ ಹೋಗುತ್ತದೆ, ಅದಕ್ಕೇ ಬರೆದೆ. ನಿನ್ನ ಅತ್ತೆ ಮತ್ತು ಗಂಡನ ಮುಂದೆ ಇದನ್ನು ಗಟ್ಟಿಯಾಗಿ ಓದು, ಬಾಟಲಿ ತೋರಿಸು. ನೀನು ಏನೂ ಕೆಡಿಸಿಲ್ಲ.

ಅನ್ನಪೂರ್ಣಳಿಗೆ ಇದೆಲ್ಲ ಗೊತ್ತು. ಒತ್ತುವಾಗ, "ಅಜ್ಜಿ, ಔಷಧ ಸಿಹಿ ಐತಿ, ನಾ ಅದನ್ನ ಕುಡಿತೀನಿ" ಎಂದು ಅತ್ತಿದ್ದಳು. "ನಿಮ್ಮವ್ವಗ ಹೇಳಬ್ಯಾಡ" ಎಂದಿದ್ದೆ. ಇಷ್ಟೆಲ್ಲ ಆದರೂ ಹೇಳಿಲ್ಲ ನೋಡು. ಅಜ್ಜಿ ತಾನೇ ಹೇಳಿದಳು, ಇನ್ನು ನೀನು ಬಚ್ಚಿಡಬೇಕಾಗಿಲ್ಲ ಎಂದು ಅವಳಿಗೆ ತಿಳಿಸು.