ಬೋರ್ಡಿನಲ್ಲಿ ಇಲ್ಲದ ಹೆಸರು

ಬಂಗಾರಪೇಟೆ
೧೬-೨-೧೯೬೪, ಭಾನುವಾರ

ತಂಗಿ ಸೊಣ್ಣಮ್ಮ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದೀನಿ. ಬೈಯಬೇಕು ಅನ್ನಿಸಿದರೆ ಬೈಯಿ, ನನಗೆ ಆಗಬೇಕಾದ್ದೇ. ಚಿಕ್ಕ ಮಗಳ ಕಿವಿ ಸೋರೋದು ನಿಂತಿತು ಅಂತ ಓದಿ ನೆಮ್ಮದಿಯಾಯಿತು. ಭಾವನ ಸೊಂಟ ಈಗ ಹೇಗಿದೆ? ಕಾಮಸಮುದ್ರದ ಬಸ್ಸಿನ ಮೇಲೆ ಮೂಟೆ ಹತ್ತಿಸೋ ಕೆಲಸ ಇನ್ನೂ ಬಿಟ್ಟಿಲ್ಲವಾ?

"ಯುಗಾದಿಗೆ ಮುಂಚೆ ಮಕ್ಳನ್ನ ಕರ್ಕೊಂಡು ಬತ್ತೀನಿ, ಇಮಾನ ತೋರ್ಸು, ಅಮ್ಮನ ಎಸ್ರು ಎಲ್ಲೈತೆ ಅಂತ ಬೆರಳಿಟ್ಟು ತೋರ್ಸು" ಅಂತ ಬರೆದಿದ್ದೀಯ. ಬರಬೇಡ. ಹೆಸರು ಇಲ್ಲ.

ನಿನಗೆ ಆಗ ಐದು ವರ್ಷ. ಅಮ್ಮನ ಮುಖ ನೆನಪಿಲ್ಲ ಅಂತೀಯ. ನನಗೆ ಹನ್ನೆರಡು. ಕ್ಯಾಸಂಬಳ್ಳಿ ಹತ್ತಿರ ಗೌಡರ ರಾಗಿ ಹೊಲದಲ್ಲಿ ಅಮ್ಮ ಕಳೆ ಕೀಳ್ತಾ ಬಗ್ಗಿದ್ದಳು. ಯುದ್ಧದ ವಿಮಾನ ಕೆಟ್ಟು ಹೊಟ್ಟೆ ಮೇಲೆ ಇಳಿದು ಪೈರು ಸವರಿಕೊಂಡು ಬಂತು. ಎಡಗಡೆ ರೆಕ್ಕೆ ಅವಳಿಗೆ ಬಡಿಯಿತು. ಓಡಿಸ್ತಿದ್ದ ದೊರೆ ತಲೆ ಕೊಡವಿಕೊಂಡು ಇಳಿದ. ಅವನಿಗೆ ಗೌಡರ ಮನೆಯಿಂದ ಹಾಲು ಬಂತು. ಅಮ್ಮನ ಮೇಲೆ ಹೊದಿಸೋಕೆ ಕಂಬಳಿ ಬರೋ ಹೊತ್ತಿಗೆ ಇರುವೆ ಹತ್ತಿದ್ದವು. ಕೇರಿಯ ಹೆಂಗಸಿನ ಹೆಣವನ್ನ ಕೇರಿಯವರೇ ಬಂದು ಎತ್ತಬೇಕಲ್ಲ.

ಆ ವಿಮಾನದ ಮುರುಕನ್ನ ತಂದು ಕೆ.ಜಿ.ಎಫ್.ನ ಒಂದು ಷೆಡ್ಡಿನಲ್ಲಿ ಹಾಕಿದ್ದರು. ಹತ್ತೊಂಬತ್ತು ವರ್ಷ ಅದರೊಳಗೆ ಪಾರಿವಾಳ ಮೊಟ್ಟೆ ಇಟ್ಟವು. ಚೀನಾ ಯುದ್ಧ ಆದ ಮೇಲೆ ಎಲ್ಲರಿಗೂ ದೇಶಭಕ್ತಿ ಉಕ್ಕಿತು. ನಿವೃತ್ತ ಮೇಜರ್ ಒಬ್ಬರು ಅಧ್ಯಕ್ಷರಾಗಿ ಒಂದು ಸಮಿತಿ ಆಯಿತು, ವೆಂಕಟೇಶಪ್ಪ ಅಂತ ಒಬ್ಬ ಕಾರ್ಯದರ್ಶಿ. ವಿಮಾನ ರಿಪೇರಿ ಮಾಡಿ ಮ್ಯೂಸಿಯಮ್ಮಿನಲ್ಲಿ ನಿಲ್ಲಿಸೋದು, ಕೆಲಸ ಬಿಟ್ಟಿ, ಹೆಸರು ಸ್ವಯಂಸೇವೆ. ಗಣಿಯ ವರ್ಕ್‌ಷಾಪಿನಿಂದ ನಾನು ಹೋದೆ, ಆರುಮುಗಂ ಬಂದ. ಆರುಮುಗಂ ಇಪ್ಪತ್ತು ವರ್ಷ ಗಣಿಯೊಳಗೆ ಕಲ್ಲು ಕೊರೆದು, ಎದೆ ಕೆಟ್ಟ ಮೇಲೆ ಮೇಲಕ್ಕೆ ಬಂದವನು. ತಗಡಿಗೆ ರಿವೆಟ್ ಮೊಳೆ ಬಡಿದರೆ ಗೆರೆ ಎಳೆದ ಹಾಗೆ. ನಾನು ಹೋದದ್ದು ಯಾತಕ್ಕೆ ಅಂತ ಆಗ ನಿನಗೊಬ್ಬಳಿಗೆ ಗೊತ್ತಿತ್ತು. ಆ ವಿಮಾನದ ಮುಂದೆ ಬೋರ್ಡು ಹಾಕಿದರೆ ಅದರಲ್ಲಿ ಅಮ್ಮಾಜಮ್ಮ ಅಂತ ಇರಬೇಕು. ಕಬ್ಬಿಣಕ್ಕೆ ಚರಿತ್ರೆ ಇರೋದಾದರೆ ಅದರಿಂದ ಸತ್ತವಳಿಗೂ ಇರಬೇಕು.

ಎಂಟು ತಿಂಗಳು, ಪ್ರತಿ ಭಾನುವಾರ. ಎಡಗಡೆ ರೆಕ್ಕೆಯ ಅಂಚಿನಲ್ಲಿ ಒಂದು ತಗ್ಗು ಇತ್ತು, ಸೋರೆಬುರುಡೆ ಹಿಡಿಸುವಷ್ಟು. ಅದನ್ನ ನಾನೇ ಬಡಿದು ಸಮ ಮಾಡಬೇಕಾಗಿ ಬಂತು. ಆರುಮುಗಂಗೆ ಮಾತ್ರ ವಿಷಯ ಹೇಳಿದ್ದೆ. ಅವನು ನನ್ನ ಸುತ್ತಿಗೆ ಹಿಡಿದುಕೊಂಡ.

"ಎನ್ನಡಾ ತಂಬಿ, ಪೆತ್ತ ತಾಯಿ ಸತ್ತೋದ ಜಾಗದ ಮೇಲೆ ಅಂಗೇ ಬಡೀತೀಯಾ? ಕಲ್ಲಿಗೆ ಉಟ್ಟಿದೀಯೇನ್ಲಾ?"

ಗಣಿಯೊಳಗೆ ಒಬ್ಬ ಸತ್ತರೆ, ಆ ಜಾಗದಲ್ಲಿ ಮತ್ತೆ ಉಳಿ ಇಡೋಕೆ ಮುಂಚೆ ತೆಂಗಿನಕಾಯಿ ಒಡೆದು ಕರ್ಪೂರ ಹಚ್ಚಿ ಸತ್ತವನ ಹೆಸರು ಕೂಗ್ತೀವಿ. ಕೂಗದೆ ಯಾರೂ ಮುಟ್ಟೋದಿಲ್ಲ. ಮುಂದಿನ ಭಾನುವಾರ ಅವನು ಕಾಯಿ ತಂದ, ನಾನು ಕರ್ಪೂರ ತಂದೆ. ರೆಕ್ಕೆ ಮೇಲಿಟ್ಟು ಹಚ್ಚಿ "ಅಮ್ಮಾಜಮ್ಮಾ" ಅಂತ ಮೂರು ಸಲ ಕೂಗಿದೆ. ಇಪ್ಪತ್ತು ವರ್ಷದಲ್ಲಿ ಅವಳ ಹೆಸರನ್ನ ಯಾರೋ ಗಟ್ಟಿಯಾಗಿ ಕರೆದಿದ್ದು ಅವತ್ತೇ.

ಗಣಿಯೊಳಗೆ ಸುತ್ತ ಕಲ್ಲು, ನೀರು. ಕರ್ಪೂರಕ್ಕೆ ಏನೂ ಹತ್ತಿಕೊಳ್ಳೋದಿಲ್ಲ. ಆ ಅಭ್ಯಾಸ ನಮ್ಮನ್ನ ಕೆಡಿಸಿತು. ವಿಮಾನದ ಬಾಲಕ್ಕೆ ಬಿಗಿದಿದ್ದು ಬಟ್ಟೆ. ಹಿಂದಿನ ದಿನ ತಾನೇ ಅದಕ್ಕೆ ಗಟ್ಟಿಯಾಗಲಿ ಅಂತ ಒಂಥರಾ ವಾರ್ನಿಷ್ ಬಳಿದಿದ್ದರು, ಅದು ಪೆಟ್ರೋಲಿಗಿಂತ ಬೇಗ ಹತ್ತಿಕೊಳ್ಳುತ್ತೆ. ಗಾಳಿಗೆ ಒಂದು ಉರಿಯೋ ಬಿಲ್ಲೆ ಜಾರಿ ಹಿಂದಕ್ಕೆ ಉರುಳಿತು. ನಾವು ಗೋಣಿಚೀಲ ತಂದು ಬಡಿಯೋ ಹೊತ್ತಿಗೆ ಬಾಲದಲ್ಲಿ ಕಡ್ಡಿ ಮಾತ್ರ ಉಳಿದಿತ್ತು.

ಮಾರನೇ ದಿನ ವಿಚಾರಣೆ. ವೆಂಕಟೇಶಪ್ಪ ಆರುಮುಗಂ ಕಡೆ ತಿರುಗಿ, "ಏನಯ್ಯಾ, ಇದೇನು ನಿಮ್ಮ ಮಾರಿಗುಡಿಯಾ? ಕೋಳಿ ತರೋದು ಮರೆತುಬಿಟ್ಯಾ?" ಅಂದ. ಅಮ್ಮನ ವಿಷಯ ಮೇಜರ್ ಮುಂದೆ ಬಂತು. ಬಂದರೂ ಏನೂ ಆಗಲಿಲ್ಲ. ಆರುಮುಗಂನ ಓಡಿಸಿದರು, ವರ್ಕ್‌ಷಾಪಿಗೂ ದೂರು ಬರೆದರು, ಅಲ್ಲೂ ಕೆಲಸ ಹೋಯಿತು. ಬಾಲಕ್ಕೆ ಹೊಸ ಬಟ್ಟೆ ಬಿಗಿದು, ಜನವರಿ ಇಪ್ಪತ್ತಾರಕ್ಕೆ ಬ್ಯಾಂಡು ಬಾರಿಸಿ ವಿಮಾನ ನಿಲ್ಲಿಸಿದರು. ಬೋರ್ಡಿನಲ್ಲಿ ಬರೆದಿದ್ದಾರೆ: "ಚಾಲಕ ಕ್ಷೇಮವಾಗಿ ಇಳಿದನು. ಪ್ರಾಣಹಾನಿ ಇಲ್ಲ."

ಅಮ್ಮನದು ಪ್ರಾಣವಲ್ಲ ಅಂತ ತಾನೇ ಇದರ ಅರ್ಥ? ಗಣಿಯೊಳಗೆ ಸತ್ತವರನ್ನೂ, ಹೊಲದಲ್ಲಿ ಸತ್ತವರನ್ನೂ ಹೀಗೇ ಅಳಿಸಿ ಅಳಿಸಿ ಈ ಊರಿನ ಬೋರ್ಡುಗಳನ್ನ ಬರೆಯೋದು. ಒಂದು ದಿನ ಇವನ್ನೆಲ್ಲ ಕಿತ್ತು ನಮ್ಮ ಕೈಯಿಂದಲೇ ಬರೆಯಬೇಕು.

ಭಾವನಿಗೆ ಇಷ್ಟನ್ನು ಓದಿ ಹೇಳು. ನಿನ್ನ ಮನೆಯ ಒಲೆ ಆರದಿರಲಿ, ಹೆಣ್ಣುಮಕ್ಕಳಿಬ್ಬರೂ ಸ್ಲೇಟು ಬಿಡದಿರಲಿ, ಯಾರ ಎದುರೂ ಅವರ ತಲೆ ಬಗ್ಗದಿರಲಿ.

ನಿನ್ನ ಅಣ್ಣ,
ಚಿಕ್ಕಮುನಿಯಪ್ಪ

ಮರೆತದ್ದು: ಮರೆತದ್ದಲ್ಲ, ಬರೆಯೋಕೆ ಕೈ ಬರಲಿಲ್ಲ. ಇದನ್ನ ಭಾವನಿಗೆ ಓದಬೇಡ.

ಬಂಗಾರಪೇಟೆಯಲ್ಲಿ ನಾನಿರೋ ಈ ರೂಮು ವೆಂಕಟೇಶಪ್ಪನದೇ. ರೂಮು ಕೇಳುವಾಗ ಬೇತಮಂಗಲದ ಒಕ್ಕಲಿಗರ ಹುಡುಗ ಅಂತ ಹೇಳಿದ್ದೆ. ಸಮಿತಿಗೂ ಅದೇ ಹೇಳಿದೆ. ಷೆಡ್ಡಿನಲ್ಲಿ ಆರುಮುಗಂಗೆ ತಗಡಿನ ಡಬ್ಬದಲ್ಲಿ ಟೀ ಕೊಡ್ತಿದ್ದರು, ನನಗೆ ಪಿಂಗಾಣಿ ಕಪ್ಪಿನಲ್ಲಿ. ಎಂಟು ತಿಂಗಳು ಕುಡಿದೆ.

ಮೇಜರ್ ಕೆಟ್ಟವರಲ್ಲ ಕಣೆ. ಆರುಮುಗಂ ಕೈ ಮುಗಿದು, "ಸಾಮಿ, ರೆಕ್ಕೆ ಬಡಿದು ಸತ್ತೋಳು ಇವನ ತಾಯಿ. ಅವಳಿಗೇ ಕರ್ಪೂರ. ಬೋರ್ಡಲ್ಲಿ ಎಸ್ರಾಕಿ ಸಾಮಿ" ಅಂದ. ಅವರು ಎದ್ದು ನಿಂತರು. "ನಿಜವೇನಪ್ಪಾ? ನಿಜವಾದರೆ ಹೇಳು, ಮೊದಲ ಸಾಲಿನಲ್ಲೇ ಹಾಕಿಸ್ತೀನಿ" ಅಂತ ನನ್ನನ್ನೇ ಕೇಳಿದರು. ವೆಂಕಟೇಶಪ್ಪ ನನ್ನ ಮುಖವನ್ನೇ ನೋಡ್ತಿದ್ದ.

ನಾನು ಅಂದೆ, "ಇವನಿಗೆ ತಲೆ ಸರಿಯಿಲ್ಲ ಸಾರ್. ಅವಳು ಯಾವಳೋ ಕೇರಿಯವಳು. ಸತ್ತಳೋ ಇಲ್ಲವೋ ಅದೂ ಗೊತ್ತಿಲ್ಲ. ಕರ್ಪೂರ ಹಚ್ಚಿದ್ದೂ ಇವನೇ."

ಆರುಮುಗಂ ಮುಗಿದಿದ್ದ ಕೈ ಇಳಿಸಿದ. ಮೇಜರ್ ನನ್ನ ಮಾತನ್ನ ನಂಬಲಿಲ್ಲ ಅಂತ ಕಾಣುತ್ತೆ, ಇನ್ನೂ ಸ್ವಲ್ಪ ಹೊತ್ತು ಮುಚ್ಚಳ ತೆಗೆದ ಪೆನ್ನು ಹಿಡಿದುಕೊಂಡು ಕಾಯ್ತಾನೇ ಇದ್ದರು.